ಬಟ್ಟೆ ಒಣಹಾಕುವ ಪೈಪಿನ ಪ್ರಕರಣ

ಜನವರಿ ೧೦

ಅಕ್ಕನಿಗೆ, ಅಪರಾಧಿ ತಮ್ಮನ ನಮಸ್ಕಾರಗಳು.

ಈ ಪತ್ರವನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಬೇಕಾಗಿ ಕೋರಿಕೆ. ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ, ಹೊಟ್ಟೆ ತುಂಬ ಊಟ ಮಾಡಿ ಬರೆಯುತ್ತಿದ್ದೇನೆ. ನಿನ್ನೆ ನನ್ನ ಹೆಂಡತಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಹೊತ್ತು ನೋಡಿಕೊಂಡು, ಹಿತ್ತಿಲಿನ ಎರಡು ಕಂಬಗಳ ನಡುವೆ ಯಾರ ತಂಟೆಗೂ ಹೋಗದೆ ಮಲಗಿದ್ದ, ಬಟ್ಟೆ ಒಣಹಾಕುವ ಕಬ್ಬಿಣದ ಪೈಪನ್ನು ನಾನು ಕದ್ದೆ. ಅದರ ಮೇಲಿದ್ದ ಎರಡು ಟವೆಲ್ಲು ಸಾಕ್ಷಿ ಹೇಳದ ಹಾಗೆ ಅವನ್ನು ಮಡಿಸಿ ಬೀರುವಿನೊಳಗೆ ಇಟ್ಟೆ, ಒದ್ದೆಯಾಗಿಯೇ. ಇವಳ ನರ್ಸ್ ಯೂನಿಫಾರ್ಮು ಅಲ್ಲೇ ಒಣಗಬೇಕು, ಆಸ್ಪತ್ರೆಗೆ ದಿನಾ ಒಗೆದದ್ದೇ ಬೇಕು ಎನ್ನುವುದು ಗೊತ್ತಿದ್ದೂ ಕದ್ದೆ. ಶಿಕ್ಷೆ ಆಗಲೇ ಶುರುವಾಗಿದೆ. ಬೆಳಿಗ್ಗೆಯಿಂದ ಇವಳು ನನ್ನನ್ನು ‘ರೀ’ ಎಂದು ಕರೆದಿಲ್ಲ. ‘ಪೈಪು ತೊಗೊಂಡೋರು’ ಎಂದು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದಾಳೆ.

ಉದ್ದೇಶ ಒಳ್ಳೆಯದು, ಕೇಳು. ಏಪ್ರಿಲ್‌ನಲ್ಲಿ ನಿನ್ನ ಹಡಗು ಒಂದೇ ಒಂದು ದಿನಕ್ಕೆ ನಮ್ಮ ಬಂದರಿಗೆ ಬರುತ್ತದೆ, ನಿನಗೆ ಮನೆಗೆ ಬಂದುಹೋಗುವಷ್ಟು ಬಿಡುವು ಕೊಡುವುದಿಲ್ಲ ಎಂದು ಬರೆದಿದ್ದೆಯಲ್ಲ. ಅಂದಿನಿಂದ ಅಪ್ಪ ಒಂದೇ ಮಾತು ಹಿಡಿದಿದ್ದಾರೆ: ‘ಅವಳು ಬರೋಕಾಗದಿದ್ದರೆ ನಾನೇ ಹೋಗ್ತೀನಿ.’ ಆದರೆ ಹೇಗೆ? ಸೊಂಟದ ಆಪರೇಷನ್ ಆದ ಮೇಲೆ ಅಪ್ಪ ಬಗ್ಗುವುದಿಲ್ಲ. ಮೊದಲೂ ಯಾರಿಗೂ ಬಗ್ಗಿದವರಲ್ಲ, ಈಗ ಅದಕ್ಕೆ ಡಾಕ್ಟರ ಚೀಟಿಯೂ ಇದೆ. ಪಕ್ಕದ ಮನೆಯವರ ಹೊಸ ಕಾರಿಗೆ ಹತ್ತಿಸಲು ನೋಡಿದೆವು. ಬೀರು ಸಾಗಿಸುವವರ ಹಾಗೆ ಸ್ವಲ್ಪ ಓರೆ ಮಾಡಿ, ಇನ್ನೂ ಸ್ವಲ್ಪ ಓರೆ ಮಾಡಿ ಎಂದು ಕೂಗಾಡಿ ಕೊನೆಗೆ ಬೀರುವೇ ಬೇಜಾರಾಗಿ ಇಳಿದುಬಿಟ್ಟಿತು. ಬಗ್ಗದೆ ಕೂರಬಹುದಾದ ಕಾರು ಲೋಕದಲ್ಲಿ ಒಂದೇ, ಅದು ನಮ್ಮ ಶೆಡ್ಡಿನಲ್ಲಿ ವರ್ಷಗಳಿಂದ ಧೂಳು ತಿನ್ನುತ್ತಿರುವ ಅಪ್ಪನ ಹಳೇ ಕಾರು. ಸೋಫಾದಂಥ ಸೀಟು, ಬಾಗಿಲೋ ಮನೆಯ ಬಾಗಿಲಿಗೆ ಸಮ.

ಎಂಜಿನ್ ಶುರುವಾಗಿದೆ. ಕೆಮ್ಮುತ್ತದೆ, ಆದರೆ ಆ ವಯಸ್ಸಿಗೆ ಯಾರು ಕೆಮ್ಮುವುದಿಲ್ಲ? ತೊಂದರೆ ಇರುವುದು ಬ್ರೇಕಿನಲ್ಲಿ. ಹೊರಡುವುದು ನಮ್ಮ ಕೈಲಿದೆ, ನಿಲ್ಲುವುದು ಇಲ್ಲ. ಹೀಗೇ ಬಂದರೆ ಬಂದರಿನಲ್ಲಿ ನಿಲ್ಲದೆ ನೇರ ನಿನ್ನ ಹಡಗಿನೊಳಕ್ಕೇ ಬರುತ್ತೇವೆ. ಬ್ರೇಕು ಸರಿಮಾಡಲು ನಾಲ್ಕು ಚಕ್ರವೂ ಬಿಚ್ಚಬೇಕು. ಎರಡು ಚಕ್ರ ನನ್ನ ಮಾತು ಕೇಳಿದವು. ಇನ್ನೆರಡರ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ. ಬೋಲ್ಟು ತಿರುಗಿಸುವ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿದರೆ ಬಲ ಜಾಸ್ತಿಯಾಗುತ್ತದೆ ಎಂದು ಓದಿದ್ದೆ. ಅದಕ್ಕೇ ಈ ಕಳ್ಳತನ.

ಬೀದಿ ಮೂಲೆಯ ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ, ಗ್ಯಾಸ್ ಕಟ್ಟರ್‌ನಲ್ಲಿ ಎಲ್ಲ ಕತ್ತರಿಸೋಣ ಎಂದ. ಕತ್ತರಿಯ ಮಾತು ಅಪ್ಪನಿಗೆ ಹಿಡಿಸಬೇಕಿತ್ತು, ಜೀವಮಾನವೆಲ್ಲ ಟೈಲರ್ ಆಗಿದ್ದವರಲ್ಲವೇ. ಆದರೆ ಬೆಂಕಿ ಎಂದ ಕೂಡಲೇ ಅವನನ್ನು ಗೇಟಿನವರೆಗೆ ಬಿಟ್ಟುಬಂದರು. ಆಗ ನಾನು ಎದೆ ತಟ್ಟಿ ಹೇಳಿದೆ: ಇನ್ನೊಬ್ಬರ ಕೈ ತಾಗದೆ, ನನ್ನ ಕೈಯಿಂದಲೇ ಈ ಬೋಲ್ಟುಗಳನ್ನು ಬಿಚ್ಚದಿದ್ದರೆ ನಾನು ತರ್ಕಶಾಸ್ತ್ರದ ಮೇಷ್ಟ್ರೇ ಅಲ್ಲ. ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳತೆ ತೆಗೆದು ಹೇಳಿದ್ದು ಇಷ್ಟೇ: ‘ಬಿಚ್ಚೋಳು ಅವಳು ಕಣೋ. ನೀನು ಟಾರ್ಚು ಹಿಡಿಯೋನು.’

ಹೌದು, ಚಿಕ್ಕಂದಿನಲ್ಲಿ ಕಾರಿನ ಕೆಳಗೆ ನೀನು, ಪಕ್ಕದಲ್ಲಿ ಟಾರ್ಚು ಹಿಡಿದು ನಾನು, ಬೆಳಕು ಯಾವಾಗಲೂ ಬೇರೆಲ್ಲೋ. ಅದೇ ಕಾರಣಕ್ಕೆ ಈ ಸಲ ನಾನು ಬಿಡುವುದಿಲ್ಲ. ನೀನು ದೊಡ್ಡ ಎಂಜಿನಿಯರ್, ಒಂದೆರಡು ಸಲಹೆ ಕಳಿಸು. ಉಪಯೋಗಿಸುತ್ತೇನೆಂದು ಮಾತು ಕೊಡುವುದಿಲ್ಲ.

ಇತಿ, ಜಾಮೀನಿಲ್ಲದ
ತಮ್ಮ

*

ಜನವರಿ ೨೯, ಹಡಗಿನಿಂದ

ಪಂಡಿತ,

ಮೊದಲು ಪೈಪು ವಾಪಸ್ ಕೊಡು. ರೋಗಿಗಳನ್ನು ಎತ್ತಿ ಕೂರಿಸುವ ತೋಳು ಅವಳದು. ನಿನ್ನನ್ನು ಎತ್ತಿ ಎಲ್ಲಿ ಬೇಕಾದರೂ ಇಡಬಲ್ಲಳು.

ಬೋಲ್ಟು ಕಚ್ಚಿಕೊಳ್ಳದ ದಿನ ಇಲ್ಲಿ ಎಂಜಿನ್ ರೂಮಿನಲ್ಲಿ ನನಗೆ ರಜಾ ಇದ್ದ ಹಾಗೆ, ಅಂಥ ರಜಾ ಇನ್ನೂ ಸಿಕ್ಕಿಲ್ಲ. ಆದ್ದರಿಂದ ಕಿವಿಗೊಟ್ಟು ಕೇಳು. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ ತೆಗಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರು. ಸುಮ್ಮನಿರುವುದು ನಿನಗೆ ಕಷ್ಟ, ಗೊತ್ತು. ಆಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ಹಗುರವಾಗಿ ಬಡಿ, ಅದುರಿದರೆ ಎಣ್ಣೆ ಒಳಗೆ ಇಳಿಯುತ್ತದೆ. ಮತ್ತೆ ಎಣ್ಣೆ, ಮತ್ತೆ ಕಾಯು. ತಲೆಗೆ ಸರಿಯಾಗಿ ಕೂರುವ ಪಾನಾ ಮಾತ್ರ ಹಾಕು. ಸಡಿಲ ಇದ್ದರೆ ಮೂಲೆಗಳು ಸವೆದು ಬೋಲ್ಟು ಗೋಲಿಯಾಗುತ್ತದೆ, ಆಗ ನಾನೂ ಏನೂ ಮಾಡಲಾರೆ. ಟೈರಿನ ಹತ್ತಿರ ಬೆಂಕಿ ತರಬೇಡ, ಅಪ್ಪ ಹೇಳಿದ್ದು ಸರಿ. ಪೈಪಿನ ಮೇಲೆ ಹತ್ತಿ ಕುಣಿಯಬೇಡ. ಬೋಲ್ಟು ಬಿಚ್ಚುವುದಕ್ಕೂ ಮುರಿಯುವುದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ. ಬಿಚ್ಚುವ ಮೊದಲು ಒಂದು ಚೂರು ಬಿಗಿ ಮಾಡುವ ದಿಕ್ಕಿಗೆ ತಿರುಗಿಸು. ಆಮೇಲೆ ಬಿಚ್ಚುವ ದಿಕ್ಕಿಗೆ. ಹಾಗೇ ಹಿಂದೆ ಮುಂದೆ. ತುಕ್ಕಿನ ಹಿಡಿತ ತಪ್ಪುವುದೇ ಹಾಗೆ. ಇದನ್ನು ಬಿಡಬೇಡ.

ಪೈಪಿನ ಚರಿತ್ರೆ ಒಂದು ಪುಟ ಬರೆದಿದ್ದೀಯ. ಕಚ್ಚಿಕೊಂಡಿರುವುದು ಯಾವ ಚಕ್ರಗಳು, ಯಾವ ಕಡೆಯವು ಎಂದು ಒಂದು ಸಾಲೂ ಇಲ್ಲ. ಬರಿ.

ಅಪ್ಪನಿಗೆ ಹೇಳು, ಹಡಗು ಬೆಳಿಗ್ಗೆ ಕಟ್ಟೆಗೆ ಬಂದು ಸಂಜೆ ಬಿಡುತ್ತದೆ. ಮಧ್ಯಾಹ್ನ ಪೂರ್ತಿ ಹಡಗಿನಿಂದ ಇಳಿಯುವ ಏಣಿಯ ಬುಡದಲ್ಲೇ ನಿಂತಿರುತ್ತೇನೆ. ಅವರು ಬರಲಾಗದಿದ್ದರೂ ನಿಂತಿರುತ್ತೇನೆ ಎಂದು ಮಾತ್ರ ಹೇಳಬೇಡ.

ಅಕ್ಕ

*

ಫೆಬ್ರವರಿ ೧೯

ಅಕ್ಕನಿಗೆ, ಇಬ್ಬಾಗವಾದ ಬೋಲ್ಟಿನ ಪರವಾಗಿಯೂ ನಮಸ್ಕಾರ.

ಒಂದು ಮುರಿಯಿತು. ಪೈಪಿನ ಮೇಲೆ ನಾನು ಕುಣಿಯಲಿಲ್ಲ, ಆಣೆಗೂ ಇಲ್ಲ. ನಿಂತೆ ಅಷ್ಟೆ. ಆಮೇಲೆ ಸ್ವಲ್ಪ ಎಗರಿದೆ. ‘ಟಣ್’ ಎಂದು ಸದ್ದಾಯಿತು, ನಾನು ನೆಲದ ಮೇಲಿದ್ದೆ, ಬೋಲ್ಟಿನ ತಲೆ ನನ್ನ ಪಕ್ಕದಲ್ಲಿತ್ತು, ಮುಂಡ ಚಕ್ರದಲ್ಲೇ ಉಳಿದಿತ್ತು. ಇಬ್ಬರೂ ಮಲಗಿ ಶೆಡ್ಡಿನ ಮಾಡು ನೋಡಿದೆವು. ಅಪ್ಪ ತಮ್ಮ ಕುರ್ಚಿಯಿಂದಲೇ ಕೇಳಿದರು, ಯಾರಿಗೆ ಪೆಟ್ಟಾಯಿತು ಎಂದು. ಬೋಲ್ಟಿಗೆ ಎಂದೆ. ಹಾಗಾದರೆ ಪರವಾಗಿಲ್ಲ, ಅದೇನು ಕಾಲೇಜಿಗೆ ಹೋಗಬೇಕಾಗಿಲ್ಲ ಎಂದರು.

ನಿನ್ನ ಸಲಹೆಗಳನ್ನೆಲ್ಲ ಪಾಲಿಸಿದೆ. ಎಣ್ಣೆ ಹಾಕಿದೆ. ಮನುಷ್ಯರಾದರೆ ಎಣ್ಣೆ ಹಾಕಿಸಿದ ಮೇಲೆ ಎಲ್ಲವನ್ನೂ ಬಿಟ್ಟುಕೊಡುತ್ತಾರೆ. ಈ ಬೋಲ್ಟು ಏನನ್ನೂ ಬಿಡಲಿಲ್ಲ. ಬೆಂಕಿ ಬೇಡವೆಂದಿರಿ, ಸರಿ. ಅಂಗಡಿ ಮುಚ್ಚಿದಾಗ ಮನೆಗೆ ಬಂದ ಅಪ್ಪನ ಹಳೇ ಇಸ್ತ್ರಿ ಪೆಟ್ಟಿಗೆ ತಂದು ಬೋಲ್ಟಿಗೆ ಇಸ್ತ್ರಿ ಮಾಡಿದೆ. ಬೋಲ್ಟನ್ನು ನಾನು ಕಾಯಿಸಿದೆ, ಬೋಲ್ಟು ನನ್ನನ್ನು ಕಾಯಿಸಿತು. ಈಗಲೂ ಕಚ್ಚಿಕೊಂಡೇ ಇದೆ, ಆದರೆ ಗರಿಗರಿಯಾಗಿ.

ಆದರೆ ಒಂದನ್ನು ಮಾತ್ರ ಪಾಲಿಸಲಾರೆ. ಬಿಚ್ಚಲು ಮೊದಲು ಬಿಗಿ ಮಾಡು ಎನ್ನುತ್ತೀಯಲ್ಲ, ಇಪ್ಪತ್ತು ವರ್ಷ ತರ್ಕ ಪಾಠ ಮಾಡಿದವನ ಮುಂದೆ ಆಡುವ ಮಾತೇ ಇದು? ಬಿಚ್ಚಲು ಬಿಗಿ ಮಾಡು, ಎದ್ದೇಳಲು ಮಲಗು, ಪಾಸಾಗಲು ಮೊದಲು ಫೇಲಾಗು. ಈ ಕೊನೆಯದನ್ನು ನನ್ನ ವಿದ್ಯಾರ್ಥಿಗಳು ಈಗಾಗಲೇ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ನನ್ನ ಕೈಯಾರೆ ಒಂದು ಎಳೆಯಷ್ಟನ್ನೂ ಬಿಗಿ ಮಾಡುವುದಿಲ್ಲ. ಬಿಚ್ಚುವ ದಿಕ್ಕು ಒಂದೇ, ನಾನು ಆ ದಿಕ್ಕಿನಲ್ಲೇ ಇದ್ದೇನೆ.

ಹಟಮಾರಿ ಬೋಲ್ಟುಗಳ ಲಕ್ಷಣ ಬೇರೆ ನೋಡು. ಉಜ್ಜಿದಾಗ ಪ್ರತಿಯೊಂದರ ತಲೆಯ ಮೇಲೂ ‘ಎಲ್’ ಎಂದು ಒಂದು ಇಂಗ್ಲಿಷ್ ಅಕ್ಷರ ಕಾಣಿಸಿತು. ತಯಾರಿಸಿದವನ ಹೆಸರಿನ ಮೊದಲಕ್ಷರ ಇರಬೇಕು. ‘ಎಲ್ಲೂ ಬರೋದಿಲ್ಲ’ ಎನ್ನುವುದರ ಮೊದಲಕ್ಷರ ಎಂದು ನಾನು ಓದಿಕೊಂಡಿದ್ದೇನೆ.

ಇನ್ನೊಂದು ಕೆಟ್ಟ ಸುದ್ದಿ. ನಾನು ಎಗರಿದ ರಭಸಕ್ಕೆ ಪೈಪು ಬಾಗಿ ಪಾನಾದ ಹಿಡಿಗೆ ಕಚ್ಚಿಕೊಂಡಿದೆ. ಈಗ ಬೋಲ್ಟೂ ಬರುವುದಿಲ್ಲ, ಪೈಪೂ ಬರುವುದಿಲ್ಲ. ಇವಳ ಯೂನಿಫಾರ್ಮುಗಳು ಊಟದ ಮೇಜಿನ ಕುರ್ಚಿಗಳ ಮೇಲೆ ಒಣಗುತ್ತಿವೆ. ರಾತ್ರಿ ಊಟಕ್ಕೆ ಕೂತರೆ ನನ್ನ ಬೆನ್ನಿಗೆ ಯಾರೋ ಒದ್ದೆ ನರ್ಸ್ ಒರಗಿಕೊಂಡ ಹಾಗಿರುತ್ತದೆ.

ತಮಾಷೆ ಸಾಕು. ನಿನಗೆ ಹೇಳಬೇಕಾದದ್ದು ಬೇರೆ. ದಿನಾ ಸಂಜೆ ನಾನು ಪಾನಾ ಕೆಳಗಿಟ್ಟ ಮೇಲೆ ಅಪ್ಪ ಎದ್ದು ಕಾರಿನ ಮುಂದಿನ ಬಾಗಿಲು ತೆಗೆದು, ಹಿಂದಕ್ಕೆ ಹಿಂದಕ್ಕೆ ಬಂದು ಸೀಟಿನ ಮೇಲೆ ಕೂರುತ್ತಾರೆ. ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಎದುರಿನ ಗೋಡೆ ನೋಡುತ್ತಾರೆ. ಅಭ್ಯಾಸ ಮಾಡ್ತಿದೀನಿ ಎನ್ನುತ್ತಾರೆ. ನಾನು ಕೆಳಗೆ ಚಕ್ರದ ಪಕ್ಕದಲ್ಲಿ ಕೂತು, ಇದು ನಿಂತ ಕಾರು ಎಂದು ಅವರಿಗೆ ನೆನಪಿಸುವ ಯಾವ ಸದ್ದನ್ನೂ ಮಾಡುವುದಿಲ್ಲ.

ಇತಿ, ಬಿಗಿಯಾಗದ
ತಮ್ಮ

*

ಮಾರ್ಚ್ ೨

ಮಗಳಿಗೆ ಆಶೀರ್ವಾದ.

ನಿನ್ನ ತಮ್ಮ ಉದ್ದುದ್ದ ಬರೆಯುತ್ತಾನೆ. ನಾನು ಕಾರ್ಡಿನಲ್ಲಿ ಹಿಡಿಯುವಷ್ಟು.

ಅಂಗಡಿ ಮುಚ್ಚಿದ ಮೇಲೆ ಸಂಜೆಗಳು ಅಳತೆಗಿಂತ ಉದ್ದವಾಗಿದ್ದವು. ಇವನು ಅದನ್ನು ಮೊಟಕು ಮಾಡಿದ್ದಾನೆ. ದಿನಾ ಬೈದುಕೊಳ್ಳುತ್ತಾನೆ, ಬೀಳುತ್ತಾನೆ, ಲೆಕ್ಚರ್ ಕೊಡುತ್ತಾನೆ. ಚೆನ್ನಾಗಿದೆ. ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗೆ ಥ್ರೆಡ್ಡು ಅನ್ನುತ್ತಾರಂತೆ. ನನಗೆ ಗೊತ್ತಿರುವುದು ದಾರ ಮಾತ್ರ, ಅದಕ್ಕೇ ಸುಮ್ಮನಿದ್ದೇನೆ.

ಕಾರು ಆಗದಿದ್ದರೂ ನಾನು ಬರುತ್ತೇನೆ. ಲಾರಿಯ ಹಿಂದೆ ನಿಂತುಕೊಂಡಾದರೂ ಸರಿ. ಇದನ್ನು ಅವನಿಗೆ ಬರೆಯಬೇಡ, ಕೆಲಸ ನಿಲ್ಲಿಸಿಬಿಟ್ಟಾನು.

ಅಪ್ಪ

*

ಮಾರ್ಚ್ ೧೩

ಅಕ್ಕನಿಗೆ, ವಿಜಯಿಯ ನಮಸ್ಕಾರಗಳು. ಎದ್ದು ನಿಂತು ಓದಿದರೆ ನನ್ನ ಅಭ್ಯಂತರವಿಲ್ಲ.

ಬಂದವು. ಎಲ್ಲವೂ ಬಂದವು. ಭಾನುವಾರ ಬೆಳಿಗ್ಗೆ ಮೊದಲನೆಯದು ‘ಕರ್ರ್’ ಎಂದಿತು. ಮಧ್ಯಾಹ್ನದ ಊಟಕ್ಕೆ ಮೊದಲು ಎರಡು ಚಕ್ರವೂ ಗೋಡೆಗೆ ಒರಗಿದ್ದವು. ಮುರಿದ ಬೋಲ್ಟಿನ ಮುಂಡ ಒಂದು ಬೆರಳಿನಷ್ಟು ಹೊರಗಿತ್ತು. ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಬಾಟಲಿಯ ಮುಚ್ಚಳದ ಹಾಗೆ ಬಂದಿತು. ಗ್ಯಾರೇಜಿನ ಮೇಸ್ತ್ರಿ ಅಂಥದೇ ಇನ್ನೊಂದು ಬೋಲ್ಟನ್ನು ಎಲ್ಲಿಂದಲೋ ಹುಡುಕಿ ತಂದುಕೊಟ್ಟು, ಹೇಗೆ ಬಿಚ್ಚಿದಿರಿ ಮೇಷ್ಟ್ರೇ ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಬೇಕಾದರೆ ನಿನ್ನ ಕೈಕೆಳಗಿನವರಿಗೂ ಓದಿ ಹೇಳು.

ಮೊದಲನೆಯದು ತಾಳ್ಮೆ. ಎರಡನೆಯದು ಎಣ್ಣೆ. ಮೂರನೆಯದನ್ನು ಪುಸ್ತಕದಲ್ಲಿ ಯಾರೂ ಬರೆದಿಲ್ಲ: ಸರಿಯಾದ ಗಳಿಗೆಯಲ್ಲಿ ಕೊಡುವ ಒಂದೇ ಒಂದು ಎಳೆತ. ಅದು ತೋಳಿನ ಬಲವಲ್ಲ, ಮಣಿಕಟ್ಟಿನ ಒಂದು ಬಗೆಯ ತಿಳಿವಳಿಕೆ. ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಕೆಲವರು ಎಂಜಿನಿಯರಿಂಗ್ ಓದುತ್ತಾರೆ. ಬಿಗಿ ಮಾಡು ಎಂದಿದ್ದೆಯಲ್ಲ, ಅದರ ಅಗತ್ಯವೇ ಬೀಳಲಿಲ್ಲ ಎನ್ನುವುದನ್ನು ವಿನಯದಿಂದ ತಿಳಿಸುತ್ತೇನೆ. ಇವಳೂ ಅಲ್ಲೇ ಇದ್ದಳು, ಬೇಕಾದರೆ ಸಾಕ್ಷಿಗೆ.

ಅಪ್ಪ ಕುರ್ಚಿಯಿಂದ ಎದ್ದರು. ಒಳಗೆ ಹೋಗಿ ಬಿಳಿ ಶರಟಿನ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದರು. ಎಷ್ಟೋ ದಿನದ ಮೇಲೆ ಹೊಲಿಗೆ ಮೆಷಿನ್ ಸದ್ದು ಕೇಳಿತು. ಏಪ್ರಿಲ್‌ಗೆ ಅಂತೆ.

ಬ್ರೇಕಿನ ಕೆಲಸ ಮೇಸ್ತ್ರಿ ಮಾಡುತ್ತಿದ್ದಾನೆ. ನನ್ನ ಮಾತು ಬೋಲ್ಟಿನ ಬಗ್ಗೆ ಇತ್ತೇ ಹೊರತು ಬ್ರೇಕಿನ ಬಗ್ಗೆ ಅಲ್ಲ. ಏಣಿಯ ಬುಡದಲ್ಲಿ ನಿಂತಿರು. ನಾವು ಬರುತ್ತೇವೆ, ಬಂದು ನಿಲ್ಲುತ್ತೇವೆ ಕೂಡ.

ಇತಿ, ಸ್ವಹಸ್ತದ
ತಮ್ಮ

*

ಮಾರ್ಚ್ ೧೮, ಹಡಗಿನಿಂದ

ಪಂಡಿತ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೋಲ್ಟು ಮುರಿದ ಪತ್ರ ನಿನ್ನೆ ಈ ಬಂದರಿನಲ್ಲಿ ಸಿಕ್ಕಿತು. ಅದರಲ್ಲಿ ‘ಎಲ್’ ಎಂದು ಓದಿ ಟೀ ಲೋಟ ಕೆಳಗಿಟ್ಟೆ.

ಅದು ಯಾರ ಹೆಸರೂ ಅಲ್ಲ ಮಾರಾಯ. ‘ಲೆಫ್ಟ್’ ಅಂತ, ಎಡ ಥ್ರೆಡ್ಡು ಎನ್ನುವುದರ ಗುರುತು. ಆ ಕಾಲದ ಕೆಲವು ಕಾರುಗಳಲ್ಲಿ ಎಡಗಡೆಯ ಚಕ್ರದ ಬೋಲ್ಟುಗಳು ಉಲ್ಟಾ ಇರುತ್ತವೆ, ಓಡುವಾಗ ತಾನಾಗಿ ಸಡಿಲವಾಗಬಾರದು ಎಂದು. ಬೇರೆ ಬೋಲ್ಟು ಬಿಚ್ಚುವ ದಿಕ್ಕು ಇವಕ್ಕೆ ಬಿಗಿ ಮಾಡುವ ದಿಕ್ಕು. ಕಚ್ಚಿಕೊಂಡಿರುವುದು ಎಡಗಡೆಯ ಎರಡು ಚಕ್ರಗಳೇ ತಾನೆ? ಹಾಗಿದ್ದರೆ ಜನವರಿಯಿಂದ ನೀನು ಅವನ್ನು ಬಿಗಿ ಮಾಡುತ್ತಿದ್ದೀಯ. ಅದಕ್ಕೇ ಒಂದು ಮುರಿಯಿತು. ನಾನು ‘ಮೊದಲು ಚೂರು ಬಿಗಿ ಮಾಡು’ ಎಂದದ್ದನ್ನು ಕೇಳಿದ್ದರೆ ಅಂದೇ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ವರ್ಷ ಆ ಕಾರಿನ ಕೆಳಗೆ ಮಲಗಿದವಳಿಗೆ ಈಗ ನೆನಪಾಯಿತಲ್ಲ, ನನ್ನ ತಲೆಗೂ ತುಕ್ಕೇ.

ಇದು ತಲುಪುವಷ್ಟರಲ್ಲಿ ಇನ್ನೊಂದನ್ನು ಮುರಿಯಬೇಡ. ಉಲ್ಟಾ ತಿರುಗಿಸು. ಅಪ್ಪನ ಮುಂದೆ ನಿನ್ನ ಮಾನ ತೆಗೆಯುವುದಿಲ್ಲ, ಅಷ್ಟು ಕೆಟ್ಟ ಅಕ್ಕ ಅಲ್ಲ ನಾನು.

ಅಕ್ಕ

*

ಏಪ್ರಿಲ್ ೧೩

ಅಕ್ಕನಿಗೆ,

ನಿನ್ನ ಅವಸರದ ಪತ್ರ ಇಂದು ಬೆಳಿಗ್ಗೆ ನಿಧಾನವಾಗಿ ಬಂದು ತಲುಪಿತು. ನಿನ್ನ ಹಡಗು ನಮ್ಮ ಬಂದರು ಬಿಟ್ಟು ಇಷ್ಟು ದಿನವಾದ ಮೇಲೆ.

ಅಂದರೆ ಅಂದು ಏಣಿಯ ಬುಡದಲ್ಲಿ ನಿಂತಾಗ ನಿನಗೆ ಎಲ್ಲ ಗೊತ್ತಿತ್ತು. ನಾನು ನಿನ್ನ ಜೊತೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮಣಿಕಟ್ಟಿನ ತಿಳಿವಳಿಕೆಯ ಬಗ್ಗೆ ಮಾತಾಡುತ್ತಿದ್ದೆ. ನೀನು ಎಡಗಡೆಯ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಬೋಲ್ಟುಗಳ ತಲೆಯನ್ನು ಹೆಬ್ಬೆರಳಿನಲ್ಲಿ ಒಂದೊಂದಾಗಿ ಸವರಿ, ನನ್ನ ಕಡೆ ನೋಡಿ ‘ಭಲೇ ಪಂಡಿತ’ ಎಂದೆ. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡು ಮನೆಗೂ ತಂದುಕೊಂಡೆ. ಇಂದಿನವರೆಗೆ ದಿನಾ ಒಮ್ಮೆ ತೆಗೆದು ನೋಡಿಕೊಳ್ಳುತ್ತಿದ್ದೆ.

ಇರಲಿ. ನೀನು ನೋಡದ ಎರಡು ಸಂಗತಿ ಹೇಳುತ್ತೇನೆ. ಹೋಗುವಾಗ ಅಪ್ಪ ದಾರಿಯುದ್ದಕ್ಕೂ ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಪ್ರತಿ ತಿರುವಿನಲ್ಲೂ ಕಾರು ನಿಂತಾಗ ತಾವೇ ನಿಲ್ಲಿಸಿದಂತೆ ತಲೆ ಆಡಿಸಿದರು. ಹೊಸ ಬಿಳಿ ಶರಟಿಗೆ ಮುದುರು ಬೀಳಬಾರದೆಂದು ಸೀಟಿಗೆ ಒರಗಲೂ ಇಲ್ಲ. ಹಿಂದಿನ ಸೀಟಿನಲ್ಲಿದ್ದ ಇವಳು ನೀರು ಬೇಕೇ ಎಂದು ಕೇಳಿದ್ದಕ್ಕೆ, ‘ಅವಳನ್ನ ನೋಡಿ ಕುಡೀತೀನಿ’ ಎಂದರು. ಬಂದರು ತಲುಪಿದ ಮೇಲೆ ಹಡಗಿನ ಕಡೆ ಕೈ ತೋರಿಸಿ, ಯಾವ ಕಿಟಕಿ ಅವಳದು ಎಂದು ಕೇ‍ಳಿದರು. ಎಂಜಿನ್ ರೂಮಿಗೆ ಕಿಟಕಿ ಇರುವುದಿಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ. ಒಂದು ಕಿಟಕಿ ತೋರಿಸಿದೆ. ಅಷ್ಟರಲ್ಲಿ ನೀನು ಓಡಿ ಬಂದೆ.

ಎರಡನೆಯದು ವಾಪಸ್ ಬರುವಾಗಿನದು. ಮನೆಯ ಬೀದಿಗೆ ತಿರುಗಿದ ಮೇಲೆ ಅಪ್ಪ ಹೇಳಿದರು: ‘ಅವಳ ಆ ನೀಲಿ ಡ್ರೆಸ್ಸಿನ ತೋಳು ಎರಡು ಬೆರಳು ಉದ್ದ ಕಣೋ. ತಬ್ಬಿಕೊಂಡಾಗಲೇ ಗೊತ್ತಾಯ್ತು. ಮುಂದಿನ ಸಲ ಸೂಜಿ ದಾರ ತೊಗೊಂಡು ಹೋಗೋಣ.’ ಮುಂದಿನ ಸಲ ಎಂದರು, ಗಮನಿಸು. ಕಾರಿನ ಬಾಗಿಲಿನ ಚೀಲದಲ್ಲಿ ಆಗಲೇ ಒಂದು ಸೂಜಿ ಡಬ್ಬಿ ಕೂತಿದೆ.

ಈಗ ಉಳಿದದ್ದು. ನೀನು ಅಪ್ಪನ ಮುಂದೆ ನನ್ನ ಮಾನ ಉಳಿಸಿದೆ. ನಿನ್ನಂಥವಳಿಗೆ ಅರ್ಧ ಸತ್ಯ ಕೊಡುವುದು ಸರಿಯಲ್ಲ. ನಾನೇ ದಿಕ್ಕಿನ ಗುಟ್ಟು ಕಂಡುಹಿಡಿದು, ಉಲ್ಟಾ ತಿರುಗಿಸಿ, ಅದನ್ನು ನಿನ್ನಿಂದ ಮುಚ್ಚಿಟ್ಟೆ ಎಂದು ನೀನು ಅಂದುಕೊಂಡಿರಬೇಕು. ಅಷ್ಟು ಮರ್ಯಾದೆಯೂ ನನಗೆ ಸಲ್ಲುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಇವಳಿಗೆ ಡ್ಯೂಟಿ ಇತ್ತು, ಒಣಗಿದ ಯೂನಿಫಾರ್ಮು ಒಂದೂ ಇರಲಿಲ್ಲ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಶೆಡ್ಡಿಗೆ ಬಂದಳು. ಚಕ್ರದಿಂದ ಅಡ್ಡಲಾಗಿ ಚಾಚಿಕೊಂಡಿದ್ದ ಪೈಪು ನೋಡಿದಳು. ನನ್ನನ್ನು ನೋಡಿದಳು. ‘ರೀ, ನನ್ನ ಪೈಪು ಬಿಡಿ. ಆಮೇಲೆ ನಿಮ್ಮ ಸಾಧನೆ ಮುಂದುವರಿಸಿ’ ಎಂದಳು. ಅದು ಪಾನಾಕ್ಕೆ ಕಚ್ಚಿಕೊಂಡಿದೆ, ಈಚೆಗೆ ಎಳೆದರೆ ಬರುವುದಿಲ್ಲ, ಅದರ ಹಿಂದೆ ಒಂದು ತತ್ವವಿದೆ ಎಂದು ನಾನು ವಿವರಿಸಲು ಶುರುಮಾಡಿದೆ. ಇವಳು ಎಳೆಯಲೇ ಇಲ್ಲ. ಒದ್ದೆ ಬಟ್ಟೆಯನ್ನು ಅಪ್ಪನ ಕೈಗೆ ಕೊಟ್ಟು, ಮೊಣಕಾಲು ಮಡಿಸಿ ಪೈಪಿನ ತುದಿಯ ಕೆಳಗೆ ಭುಜ ಕೊಟ್ಟು, ಹಾಸಿಗೆ ಹಿಡಿದ ರೋಗಿಯನ್ನು ಎತ್ತುವ ಹಾಗೆ ನಿಧಾನವಾಗಿ ಮೇಲೆದ್ದಳು. ಎರಡು ತಿಂಗಳು ನಾನು ಕೆಳಕ್ಕೆ ಒತ್ತಿದ್ದೆ, ನಿಂತಿದ್ದೆ, ಎಗರಿದ್ದೆ. ಅದನ್ನು ಮೇಲಕ್ಕೆ ಎತ್ತಿ ನೋಡಿದವರು ಯಾರೂ ಇರಲಿಲ್ಲ.

‘ಕರ್ರ್’ ಎಂದದ್ದು ಆಗ. ಬೋಲ್ಟು ತಿರುಗಿದ್ದನ್ನು ಇವಳು ಗಮನಿಸಲೂ ಇಲ್ಲ. ಪೈಪು ಪಾನಾದಿಂದ ಸಡಿಲವಾಗಿ ಕೈಗೆ ಬಂದಿತ್ತು, ಅದನ್ನು ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ನಡೆದಳು. ಬಾಗಿದ ಪೈಪು ಈಗ ಮತ್ತೆ ಅಲ್ಲೇ ಇದೆ, ಬಟ್ಟೆಗಳೆಲ್ಲ ಜಾರಿ ನಡುವಿಗೆ ಬಂದು ಒಂದರ ಮೇಲೊಂದು ಕೂರುತ್ತವೆ. ಉಳಿದ ಬೋಲ್ಟುಗಳನ್ನು ಮೇಲಕ್ಕೆ ಎತ್ತಿ ಬಿಚ್ಚಿದ್ದು ನಾನೇ. ಆದರೆ ಮೊದಲನೆಯದನ್ನು ಬಿಚ್ಚಿದವಳು ಬೋಲ್ಟು ಬಿಚ್ಚಲು ಬಂದಿರಲೇ ಇಲ್ಲ. ಬಟ್ಟೆ ಒಣಹಾಕಲು ಬಂದಿದ್ದಳು.

ಅಪ್ಪನಿಗೂ ಎಲ್ಲ ಗೊತ್ತು, ಅವರು ಅಲ್ಲೇ ಕುರ್ಚಿಯಲ್ಲಿದ್ದರಲ್ಲ. ನಿನ್ನ ಮುಂದೆ ನಾನು ಕೊಚ್ಚಿಕೊಳ್ಳುವಾಗ ಅವರು ಸಮುದ್ರ ನೋಡುತ್ತಿದ್ದದ್ದು ಅದಕ್ಕೇ. ಹೆಣ್ಣುಮಕ್ಕಳಿಬ್ಬರೂ ಸೇರಿ ನನ್ನ ಮಾನ ಕಾಪಾಡಿದ್ದೀರಿ, ಅಪ್ಪ ಮೂರನೆಯವರು. ಇಷ್ಟು ಜನ ಕಾಯಬೇಕಾದಷ್ಟು ಮಾನ ನನ್ನ ಹತ್ತಿರ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಇವಳು ಭುಜ ಕೊಟ್ಟು ಎತ್ತುತ್ತಿದ್ದಾಗ ನಾನು ಏನು ಮಾಡುತ್ತಿದ್ದೆ ಎಂದು ನೀನು ಕೇಳಿಯೇ ಕೇಳುತ್ತೀಯ, ಅದನ್ನೂ ಹೇಳಿಬಿಡುತ್ತೇನೆ. ಶೆಡ್ಡಿನ ಆ ಮೂಲೆ ಸ್ವಲ್ಪ ಕತ್ತಲೆ ನೋಡು. ನಾನು ಟಾರ್ಚು ಹಿಡಿದಿದ್ದೆ. ಬೆಳಕು ಬೇರೆಲ್ಲೋ ಇತ್ತು.

ಇತಿ ನಿನ್ನ
ಟಾರ್ಚು ಹಿಡಿಯೋನು